ಏಳನೇ ನಂಬರಿನ ಹಲಗೆ

ಜೂನ್ 9

ಕಡ್ಡಿ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಗೊತ್ತಾದ ಮೇಲೂ ಒಡೆದಿದ್ದೀಯಲ್ಲ, ಅಷ್ಟು ಸಾಕು. ಒಡೆಯದೇ ಇದ್ದರೆ ನನ್ನಷ್ಟಕ್ಕೆ ನಾನೇ ಮಾತಾಡಿಕೊಂಡ ಹಾಗಾಯಿತು. ಅದೂ ಈಗ ರೂಢಿಯಾಗಿದೆ.

ವಿಳಾಸ ಕೊಟ್ಟವಳು ನಿನ್ನ ಚಿಕ್ಕಮ್ಮ. ಮೂರು ವರ್ಷ ಅವಳ ಬಾಯಿ ಬಿಡಿಸಲು ನನ್ನಿಂದ ಆಗಿರಲಿಲ್ಲ. ಹೋದ ವಾರ ತಾನಾಗಿಯೇ ಬಂದು ಒಂದು ಚೀಟಿಯನ್ನು ಮೇಜಿನ ಮೇಲಿಟ್ಟಳು. ಫೋನ್ ನಂಬರನ್ನೂ ಕೊಡು ಎಂದೆ. "ಅದು ಮಾತ್ರ ಕೇಳ್ಬೇಡ ಅಕ್ಕ. ಫೋನಲ್ಲಿ ನೀನು ಪಾಠ ಶುರು ಮಾಡ್ತೀಯ, ಅವಳು ಕಟ್ ಮಾಡ್ತಾಳೆ. ಕಾಗದ ಬರಿ. ಬೇಡ ಅನ್ಸಿದ್ರೆ ಹರಿದು ಹಾಕ್ಲಿ, ಹರಿಯೋ ಸದ್ದಾದ್ರೂ ನಿನಗೆ ಕೇಳ್ಸಲ್ಲ" ಎಂದಳು. ಅವಳ ನಾಲಿಗೆ ನಿನಗೆ ಗೊತ್ತಲ್ಲ.

ನಾನು ಚೆನ್ನಾಗಿದ್ದೇನೆ. ಕಾಲೇಜಿನ ಲ್ಯಾಬಿನಲ್ಲಿ ಅದೇ ಡೆಮಾನ್‌ಸ್ಟ್ರೇಟರ್ ಕೆಲಸ. ಹುಡುಗಿಯರು ಬರುತ್ತಾರೆ, ಸರಣಿ ಎಂದು ಒಂದು ಸಲ, ಸಮಾಂತರ ಎಂದು ಇನ್ನೊಂದು ಸಲ ವಯರು ಸಿಕ್ಕಿಸುತ್ತಾರೆ, ರೀಡಿಂಗ್ ಬರೆದುಕೊಂಡು ಹೋಗುತ್ತಾರೆ. ಅವರು ಹೋದ ಮೇಲೆ ನಾನು ವಯರುಗಳನ್ನು ಸುತ್ತಿ ಡಬ್ಬಕ್ಕೆ ಹಾಕುತ್ತೇನೆ. ಮನೆಗೆ ಬಂದು ಅಡುಗೆಮನೆಯ ಒಂದು ದೀಪ ಹಾಕಿಕೊಳ್ಳುತ್ತೇನೆ. ಮನೆಯ ದೀಪಗಳೆಲ್ಲ ಸಮಾಂತರ ಜೋಡಣೆಯಲ್ಲಿರುತ್ತವೆ ಎಂದು ನಿನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದೆ. ಪ್ರತಿ ದೀಪಕ್ಕೂ ಪೂರ್ತಿ ವೋಲ್ಟೇಜು, ಪ್ರತಿ ದೀಪಕ್ಕೂ ತನ್ನದೇ ದಾರಿ, ಒಂದು ಆರಿದರೆ ಇನ್ನೊಂದಕ್ಕೆ ಗೊತ್ತೂ ಆಗುವುದಿಲ್ಲ. ಎಂಥ ಒಳ್ಳೆಯ ಏರ್ಪಾಡು ಎಂದು ಆಗ ಅನ್ನಿಸುತ್ತಿತ್ತು. ಈಗ ಮೂರು ಕೋಣೆ ಕತ್ತಲಾಗಿದ್ದರೂ ಅಡುಗೆಮನೆಯ ದೀಪ ಒಂದು ಚೂರೂ ಮಂಕಾಗದೆ ಉರಿಯುವುದನ್ನು ನೋಡಿದರೆ ಅದರ ಮೇಲೆ ಸಿಟ್ಟು ಬರುತ್ತದೆ.

ಆ ಪರೀಕ್ಷೆಯ ದಿನವನ್ನು ದಾಟಿಕೊಂಡು ಬರೆಯಲು ನೋಡಿದೆ, ಆಗುತ್ತಿಲ್ಲ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ನನ್ನ ಕೈಯಾರೆ ಅದನ್ನು ಒಮ್ಮೆ ಬರೆದು ನೋಡಬೇಕು. ಕಡೆಯ ವರ್ಷದ ಪ್ರಾಕ್ಟಿಕಲ್. ಚೀಟಿ ಎತ್ತಿದಾಗ ನಿನಗೆ ಬಂದದ್ದು ಏಳನೇ ನಂಬರಿನ ಹಲಗೆ, ಎರಡು ಮೀಟರು ಕೂರಿಸಿ, ವಯರು ಸಿಕ್ಕಿಸುವ ಕಡೆ ವಿ, ಎ ಎಂದು ಬರೆದದ್ದು. ಮೊದಲ ಹೆಜ್ಜೆ, ಬ್ಯಾಟರಿಯ ವೋಲ್ಟೇಜ್ ಅಳೆಯುವುದು. ವೋಲ್ಟ್‌ಮೀಟರನ್ನು ಬ್ಯಾಟರಿಗೆ ಅಡ್ಡಲಾಗಿ ಸೇರಿಸಬೇಕು. ಕರೆಂಟನ್ನು ಅಳೆಯುವ ಅಮ್ಮೀಟರನ್ನು ಹಾಗೆ ಸೇರಿಸಕೂಡದು, ಅದಕ್ಕೆ ತಡೆಯುವ ಶಕ್ತಿಯೇ ಇಲ್ಲ, ಇಡೀ ಬ್ಯಾಟರಿ ಅದರೊಳಗೆ ನುಗ್ಗುತ್ತದೆ. ನೀನು ಸ್ವಿಚ್ಚು ಒತ್ತಿದೆ. ಅಮ್ಮೀಟರಿನ ಮುಳ್ಳು ಬಡಿದು ಬಾಗಿತು, ವಯರಿನ ಸಿಪ್ಪೆ ಹೊಗೆಯಾಯಿತು. ಗಾಬರಿಯಲ್ಲಿ ನೀನು ಎಲ್ಲ ವಯರನ್ನೂ ಕಿತ್ತೆ, ಎಲ್ಲಿಗೆ ಸಿಕ್ಕಿಸಿದ್ದೆ ಎನ್ನುವುದಕ್ಕೆ ಸಾಕ್ಷಿ ಉಳಿಯಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು, ಕಾಲೇಜಿನ ಕಡೆಯ ಪರೀಕ್ಷಕಳಾಗಿದ್ದ ನನ್ನ ಕಡೆ ತಿರುಗಿ, "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಂಬರ್ ನೀವು ಹಾಕ್ತೀರೋ, ನಾನು ಹಾಕ್ಲೋ?" ಎಂದರು. ಹದಿನೆಂಟು ಹುಡುಗಿಯರು ನಕ್ಕರು. "ವಿ ಅಂತ ಬರ್ದಿರೋ ಕಡೆಗೇ ಹಾಕಿದ್ದೆ ಅಮ್ಮ" ಎಂದೆ ನೀನು. "ಸುಳ್ಳು ಹೇಳ್ಬೇಡ" ಎಂದೆ ನಾನು. ಸೊನ್ನೆ ಬರೆದು ಸಹಿ ಹಾಕಿದೆ.

ಎಂಟನೇ ದಿನ ನೀನು ಮನೆಯಲ್ಲಿರಲಿಲ್ಲ.

ನಿನಗೆ ಹೇಳಬೇಕಾದ ಒಂದು ಮಾತಿದೆ. ಅದಕ್ಕೇ ಈ ಕಾಗದ. ಆದರೆ ಇಷ್ಟು ಬರೆಯುವ ಹೊತ್ತಿಗೆ ಧೈರ್ಯ ಮುಗಿಯಿತು. ನೀನು ಓದುತ್ತಿದ್ದೀಯ ಎಂದು ಒಂದು ಸಾಲು ಬರಿ. ಆಮೇಲೆ ಹೇಳುತ್ತೇನೆ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

*

ಜುಲೈ 2

ಅಮ್ಮ,

ಬಂತು. ಓದಿದೆ. ಹರಿದಿಲ್ಲ.

ಕವರಿನ ಮೇಲೆ ಕಡ್ಡಿ ಎಂದು ಬರೆಯಬೇಡ. ಚಿಕ್ಕಮ್ಮ ಕೊಟ್ಟಿರುವುದು ನನ್ನ ವರ್ಕ್‌ಶಾಪಿನ ವಿಳಾಸ. ಪೋಸ್ಟಿನವರು ಬಾಗಿಲಲ್ಲಿ ನಿಂತು "ಇಲ್ಲಿ ಕಡ್ಡಿ ಅನ್ನೋರು ಯಾರ್ರೀ?" ಎಂದು ಕೂಗಿದರು. ಹದಿಮೂರು ಜನ ಕೆಲಸ ಬಿಟ್ಟು ನಕ್ಕರು. ಈಗ ಎಲ್ಲರೂ ಹಾಗೇ ಕರೆಯುತ್ತಾರೆ. ನಾನಿಲ್ಲಿ ಮೋಟಾರು ಎತ್ತುವವಳು, ನೆನಪಿರಲಿ.

ನಾನು ಲಿಫ್ಟ್ ರಿಪೇರಿ ಮಾಡುತ್ತೇನೆ. ಮೊದಲ ವರ್ಷ ಗ್ರೀಸ್ ಒರೆಸಿದೆ. ಎರಡನೇ ವರ್ಷದಿಂದ ವಯರಿಂಗ್. ಹನ್ನೊಂದು ಮಹಡಿ ಎಂದರೆ ಹನ್ನೊಂದು ಬಾಗಿಲು, ಪ್ರತಿ ಬಾಗಿಲಿಗೆ ಒಂದು ಸ್ವಿಚ್ಚು, ಹನ್ನೊಂದೂ ಒಂದರ ಹಿಂದೆ ಒಂದು, ಸೀರೀಸ್. ಒಂದು ಬಾಗಿಲು ಕೂದಲೆಳೆಯಷ್ಟು ತೆರೆದಿದ್ದರೂ ಕರೆಂಟ್ ಹರಿಯುವುದಿಲ್ಲ, ಲಿಫ್ಟ್ ಕದಲುವುದಿಲ್ಲ. ಮನೆಯಲ್ಲಿ ಒಂದು ಕೆಟ್ಟರೆ ಉಳಿದದ್ದು ನಡೆಯುತ್ತಿರಬೇಕು ಎಂದು ನೀನು ಹೇಳಿಕೊಟ್ಟೆ. ಒಂದು ಕೆಟ್ಟರೆ ಎಲ್ಲ ನಿಲ್ಲಲೇಬೇಕಾದ ಜಾಗವೂ ಇದೆ ಎಂದು ಇಲ್ಲಿ ಬಂದು ಕಲಿತೆ.

ಹೇಳಬೇಕಾದ ಮಾತಿದ್ದರೆ ಹೇಳು. ಇಲ್ಲದಿದ್ದರೆ ಪರವಾಗಿಲ್ಲ. ನಾನೇನೂ ಕಾಯುತ್ತಿಲ್ಲ.

ಇಷ್ಟೇ,
ಮಗಳು

*

ಜುಲೈ 14

ಮಗಳೇ,

ನಿನ್ನ ಕಾಗದ ಬಂದ ದಿನ ಲ್ಯಾಬಿನ ಬೀರುವಿಗೆ ಬೀಗ ಹಾಕುವುದನ್ನೇ ಮರೆತೆ. ಮಾರನೆಯ ದಿನ ವಿಭಾಗದ ಮುಖ್ಯಸ್ಥರು ಬೀಗವನ್ನು ಕೈಯಲ್ಲಿ ತೂಗಿಸುತ್ತ, "ಏನ್ರೀ, ನಿಮ್ಮಿಂದ ತಪ್ಪಾ? ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?" ಎಂದರು. ನಾನೂ ನಕ್ಕೆ. ನಿನ್ನ ಕಾಗದ ಕೈಚೀಲದಲ್ಲಿತ್ತು.

ಲಿಫ್ಟಿನ ಬಾಗಿಲುಗಳ ವಿಷಯ ಎಷ್ಟು ಚೆನ್ನಾಗಿದೆ! ಇಪ್ಪತ್ತೆರಡು ವರ್ಷದಿಂದ ಸರಣಿ ಜೋಡಣೆಗೆ ನಾನು ಕೊಡುತ್ತಿರುವುದು ಅದೇ ಮೂರು ಬಲ್ಬಿನ ಉದಾಹರಣೆ. ಸರಣಿಯಲ್ಲಿ ಎಲ್ಲದರಲ್ಲೂ ಹರಿಯುವ ಕರೆಂಟ್ ಒಂದೇ, ವೋಲ್ಟೇಜ್ ಮಾತ್ರ ಹಂಚಿಹೋಗುತ್ತದೆ. ಸಮಾಂತರದಲ್ಲಿ ವೋಲ್ಟೇಜ್ ಒಂದೇ, ಕರೆಂಟ್ ಹಂಚಿಹೋಗುತ್ತದೆ. ಹುಡುಗಿಯರು ಇದನ್ನು ಗಿಳಿಯ ಹಾಗೆ ಒಪ್ಪಿಸುತ್ತಾರೆ. ನಿನ್ನೆ ನಿನ್ನ ಉದಾಹರಣೆ ಹೇಳಿದೆ, ಯಾರದೆಂದು ಹೇಳಲಿಲ್ಲ. ಒಬ್ಬಳು ಕೇಳಿದಳು, "ಮೇಡಂ, ಹನ್ನೊಂದರಲ್ಲಿ ಯಾವ ಬಾಗಿಲು ಕೆಟ್ಟಿದೆ ಅಂತ ಹೇಗೆ ಗೊತ್ತಾಗತ್ತೆ? ಎಲ್ಲಾ ಮಹಡಿ ಹತ್ತಿ ನೋಡ್ಬೇಕಾ?" ನಾನು ಉತ್ತರ ಹೇಳಿದೆ. ಆದರೆ ಪುಸ್ತಕದಲ್ಲಿರುವಂತೆ ಹೇಳಿದೆ. ನೀನು ಹೇಗೆ ಮಾಡುತ್ತೀಯ?

ನೋಡು, ನಿನ್ನ ಚಿಕ್ಕಮ್ಮ ಹೇಳಿದಂತೆಯೇ ಪಾಠ ಶುರು ಮಾಡಿದೆ.

ಹೇಳುತ್ತೇನೆ ಎಂದಿದ್ದೆ. ಏಳನೇ ನಂಬರಿನ ಹಲಗೆ ಈಗಲೂ ಲ್ಯಾಬಿನಲ್ಲಿದೆ. ಹೊಸ ಅಮ್ಮೀಟರ್ ಕೂರಿಸಿದ್ದೇನೆ. ಅದರ

ಇಲ್ಲಿ ನಾಲ್ಕು ಸಾಲು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ಹೋಗಬೇಡ. ಮುಂದಿನ ಸಲ ಖಂಡಿತ.

ಮಳೆಗಾಲದ ಚಳಿಗೆ ಏನಾದರೂ ಕಳಿಸಲೇ?

ನಿನ್ನ,
ಅಮ್ಮ

*

ಆಗಸ್ಟ್ 11

ಅಮ್ಮ,

ಬೆಳಕಿಗೆ ಹಿಡಿದೆ. ಚೆನ್ನಾಗಿಯೇ ಹೊಡೆದುಹಾಕಿದ್ದೀಯ, ಒಂದಕ್ಷರ ಕಾಣಲಿಲ್ಲ.

ಏನೂ ಕಳಿಸಬೇಡ.

ಆ ಹುಡುಗಿಗೆ ಹೇಳು, ಮಹಡಿ ಹತ್ತಬೇಕಾಗಿಲ್ಲ. ಎಲ್ಲ ಬಾಗಿಲುಗಳ ವಯರೂ ಮೇಲಿನ ಮೋಟಾರು ಕೋಣೆಗೆ ಬರುತ್ತವೆ. ಅಲ್ಲಿ ನಿಂತು ಒಂದೊಂದೇ ಬಾಗಿಲಿನ ಸ್ವಿಚ್ಚಿಗೆ ಅಡ್ಡಲಾಗಿ ವೋಲ್ಟ್‌ಮೀಟರ್ ಹಿಡಿಯುತ್ತಾ ಹೋಗಬೇಕು. ಸರಿಯಾಗಿ ಮುಚ್ಚಿರುವ ಕಡೆ ಸೊನ್ನೆ ತೋರಿಸುತ್ತದೆ. ಎಲ್ಲಿ ಬಿಟ್ಟುಕೊಂಡಿದೆಯೋ ಅಲ್ಲಿ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಇಡೀ ಸಾಲಿನ ಒತ್ತಡ ಆ ಒಂದು ಜಾಗದಲ್ಲಿ ಬಂದು ನಿಂತಿರುತ್ತದೆ. ಮೊದಮೊದಲು ನಾನು ಉಲ್ಟಾ ತಿಳಿದಿದ್ದೆ, ಸೊನ್ನೆ ಬಂದಲ್ಲೆಲ್ಲ ಕೆಟ್ಟಿದೆ ಎಂದು ಬಿಚ್ಚುತ್ತಿದ್ದೆ. ಮೇಸ್ತ್ರಿ "ಸೊನ್ನೆ ಬಂದೋರನ್ನೆಲ್ಲ ಯಾಕಮ್ಮ ಹೊಡೀತೀಯ, ಪಾಪ" ಎಂದರು.

ಹೋದ ತಿಂಗಳು ನಾನೊಂದು ತಪ್ಪು ಮಾಡಿದೆ. ಪರೀಕ್ಷೆ ಮಾಡುವಾಗ ಬಾಗಿಲಿನ ಸ್ವಿಚ್ಚಿಗೆ ಒಂದು ಕೆಂಪು ವಯರನ್ನು ಅಡ್ಡ ಸಿಕ್ಕಿಸುತ್ತೇವೆ, ಜಂಪರ್ ಎನ್ನುತ್ತಾರೆ. ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದು ಲಿಫ್ಟಿಗೆ ಸುಳ್ಳು ಹೇಳುವ ವಯರು. ಕೆಲಸ ಮುಗಿದ ಕೂಡಲೇ ತೆಗೆಯಬೇಕು. ಒಂದು ಆಫೀಸು ಕಟ್ಟಡದಲ್ಲಿ ನಾನು ತೆಗೆಯುವುದನ್ನು ಮರೆತು, ಚಹ ಕುಡಿಯಲು ಕೆಳಗಿಳಿದೆ. ನಲವತ್ತು ನಿಮಿಷ ಆ ಲಿಫ್ಟ್ ಆರನೇ ಮಹಡಿಯ ಬಾಗಿಲು ತೆರೆದುಕೊಂಡೇ ಓಡಾಡಿದೆ. ಅಲ್ಲಿ ನೆಲ ಒರೆಸುವಾಕೆ ನೋಡಿ ಓಡಿ ಬಂದು, "ಏನಮ್ಮಾ, ಬಾಗ್ಲು ಹಾಕ್ದೇನೇ ಹೊರಟುಬಿಡ್ತಲ್ಲ ನಿಮ್ ಡಬ್ಬ! ನನ್ ಬಕೆಟ್ ಹೋಗಿ ಗುಂಡೀಲಿ ಬಿತ್ತು" ಎಂದಳು. ಬಿದ್ದದ್ದು ಬಕೆಟ್ಟು. ಇನ್ನೇನೂ ಆಗಲಿಲ್ಲ. ಆಗಬಹುದಾಗಿದ್ದನ್ನು ನೆನೆದು ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿಯಿದೆ. ಬೆಳಿಗ್ಗೆ ಉಪಕರಣದ ಬೀರು ತೆಗೆಯುವ ಮೊದಲು ಎಲ್ಲರೂ ಸುತ್ತ ನಿಲ್ಲಬೇಕು. ಹಿಂದಿನ ದಿನ ಯಾರು ಏನು ತಪ್ಪು ಮಾಡಿದರೋ ಅದನ್ನು ಅವರೇ ಹೇಳಬೇಕು. ತಪ್ಪಿಲ್ಲದವರು "ಇಲ್ಲ" ಎನ್ನಬೇಕು. ನಕ್ಕವರು ಆ ದಿನ ಲಿಫ್ಟಿನ ಗುಂಡಿ ಗುಡಿಸಬೇಕು. ಕಾರಣ ಹೇಳುವ ಹಾಗಿಲ್ಲ, ತಪ್ಪು ಮಾತ್ರ. ನಾನು ಹೇಳಿದೆ. ಮೇಸ್ತ್ರಿ "ಸರಿ. ಮುಂದಿನೋರು" ಎಂದರು. ಅಷ್ಟೇ. ನನ್ನ ಪಕ್ಕದವರು ತಮ್ಮ ತಪ್ಪು ಹೇಳತೊಡಗಿದರು.

ಅರ್ಧ ನಿಮಿಷದ ಕೆಲಸ ಅಮ್ಮ.

ಮಗಳು

*

ಸೆಪ್ಟೆಂಬರ್ 3

ಮಗಳೇ,

ಕಾರಣ ಹೇಳುವ ಹಾಗಿಲ್ಲ, ತಪ್ಪು ಮಾತ್ರ ಎಂದೆಯಲ್ಲ. ಹಾಗೇ ಹೇಳುತ್ತೇನೆ.

ಪರೀಕ್ಷೆಯ ಹಿಂದಿನ ದಿನ ಏಳನೇ ನಂಬರಿನ ಹಲಗೆಯ ಹಿಂಭಾಗವನ್ನು ಬಿಚ್ಚಿ ಬೆಸುಗೆ ಹಾಕಿದವಳು ನಾನು. ವೋಲ್ಟ್‌ಮೀಟರಿಗೆ ಹೋಗಬೇಕಾದ ಎರಡು ವಯರನ್ನು ಅಮ್ಮೀಟರಿಗೆ, ಅಮ್ಮೀಟರಿನದನ್ನು ವೋಲ್ಟ್‌ಮೀಟರಿಗೆ ಬೆಸೆದಿದ್ದೆ. ಮುಂದೆ ವಿ ಎಂದು ಬರೆದಿತ್ತು, ಹಿಂದೆ ಅದು ಅಮ್ಮೀಟರಾಗಿತ್ತು. ನೀನು ವಿ ಎಂದು ಬರೆದ ಕಡೆಗೇ ಸಿಕ್ಕಿಸಿದ್ದೆ. ನೀನು ಸುಳ್ಳು ಹೇಳಲಿಲ್ಲ.

ಇದು ಒಂದನೇ ತಪ್ಪು. ಎರಡನೆಯದು, ನಾಲ್ಕನೇ ದಿನ ಸುಟ್ಟ ಮೀಟರು ಬದಲಿಸಲು ಹಲಗೆ ಬಿಚ್ಚಿದಾಗ ಇದನ್ನು ಕಂಡೆ. ಶನಿವಾರ ಮಧ್ಯಾಹ್ನ, ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ವಯರು ಕಿತ್ತು ಸರಿಯಾಗಿ ಬೆಸೆದು ಹಲಗೆ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ನೀನು ಆಗ ಇನ್ನೂ ಮನೆಯಲ್ಲೇ ಇದ್ದೆ.

ಕಾರಣ ಹೇಳಬಾರದು. ಒಂದು ಸಾಲು ಮಾತ್ರ ಹೇಳಿಕೊಳ್ಳುತ್ತೇನೆ, ಅದು ಕಾರಣವಲ್ಲ, ನಾಚಿಕೆ. ನಿನ್ನ ಅಪ್ಪ ಹೋದ ಮೇಲೆ ನನ್ನದೆಂದು ಉಳಿದಿದ್ದ ಒಂದೇ ಮಾತು, "ಅವರ ಕೈಯ ಕನೆಕ್ಷನ್ ತಪ್ಪೋದೇ ಇಲ್ಲ" ಎನ್ನುವುದು. ಅದನ್ನು ಉಳಿಸಿಕೊಂಡೆ. ನುಂಗಲೂ ಆಗದೆ ಉಗುಳಲೂ ಆಗದೆ ಮೂರು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದೇನೆ.

ಈಗ ನಿನಗೆ ಗೊತ್ತಾಯಿತು. ನಿನಗೆ ಏನನ್ನಿಸಿದರೂ ಬರಿ. ಬೈದು ಬರಿ.

ಅಮ್ಮ

*

ನವೆಂಬರ್ 20

ಮಗಳೇ,

ಹನ್ನೊಂದು ವಾರವಾಯಿತು.

ಕಾಗದ ತಲುಪಿರಲಿಕ್ಕಿಲ್ಲ ಎಂದು ಮೊದಲ ನಾಲ್ಕು ವಾರ ನಂಬಿಕೊಂಡಿದ್ದೆ. ಪೋಸ್ಟ್ ಆಫೀಸಿನ ಗುಮಾಸ್ತೆಯನ್ನು ಎರಡು ಸಲ ವಿಚಾರಿಸಿದೆ. "ಅಮ್ಮ, ನಾವು ಕಳಿಸೋದು ಮಾತ್ರ. ಉತ್ತರ ಬರ್ಸೋದು ನಮ್ ಕೈಲಿಲ್ಲ" ಎಂದಳು. ಒರಟಾಗಿ ಹೇಳಲಿಲ್ಲ, ಪಾಪ.

ಕಾಲೇಜಿನಿಂದ ಬಂದ ಕೂಡಲೇ ಅಂಚೆಪೆಟ್ಟಿಗೆ ನೋಡುತ್ತೇನೆ. ಅದಕ್ಕೊಂದು ಸಣ್ಣ ಗಾಜಿನ ಕಿಂಡಿಯಿದೆ, ಬೀದಿಯಿಂದಲೇ ಖಾಲಿ ಎಂದು ಕಾಣುತ್ತದೆ. ಆದರೂ ಬೀಗ ತೆಗೆದು ಒಳಗೆ ಕೈ ಆಡಿಸುತ್ತೇನೆ. ಎದುರು ಮನೆಯ ದರ್ಜಿ ಹೊಲಿಗೆ ನಿಲ್ಲಿಸಿ ನೋಡುತ್ತಾನೆ. ಈಗ ಕೇಳುವುದನ್ನೂ ಬಿಟ್ಟಿದ್ದಾನೆ.

ನೀನು ಬರೆದಿದ್ದೆಯಲ್ಲ, ತುಂಡಾದ ಸಾಲಿನಲ್ಲಿ ಕರೆಂಟ್ ಎಲ್ಲೂ ಇರುವುದಿಲ್ಲ, ಆದರೆ ತುಂಡಾದ ಜಾಗದಲ್ಲಿ ಪೂರ್ತಿ ವೋಲ್ಟೇಜ್ ನಿಂತಿರುತ್ತದೆ ಎಂದು. ಎರಡು ಅಂಕದ ಪ್ರಶ್ನೆಗೆ ಉತ್ತರವಾಗಿ ಇದನ್ನು ಎಷ್ಟು ಸಲ ಬರೆಸಿದ್ದೇನೋ. ಅದು ಹೇಗಿರುತ್ತದೆ ಎಂದು ಮಾತ್ರ ತಿಳಿದಿರಲಿಲ್ಲ. ಏನೂ ಹರಿಯುತ್ತಿಲ್ಲ, ಎಲ್ಲ ಶಾಂತವಾಗಿದೆ, ಮುಳ್ಳು ಅಲುಗದು. ನೋಡಿದವರಿಗೆ ಸೋತು ಮಲಗಿದ ಹಾಗೆ. ಕೈ ಇಟ್ಟರೆ ಗೊತ್ತಾಗುತ್ತದೆ.

ಭಾನುವಾರ ನಿನ್ನ ಚಿಕ್ಕಮ್ಮ ಬಂದಿದ್ದಳು. ನಾನು ನಿನಗೆ ಬರೆದದ್ದನ್ನು ಅವಳಿಗೆ ಹೇಳಲಿಲ್ಲ. ಕಾಲೇಜಿನಲ್ಲೂ ಹೇಳಿಲ್ಲ. ಪ್ರಾಮಾಣಿಕವಾಗಿರಬೇಕೆಂದು ಇದನ್ನೂ ಬರೆಯುತ್ತಿದ್ದೇನೆ. ನಿನಗೆ ಹೇಳಿದರೆ ಸಾಕು ಎಂದುಕೊಂಡಿದ್ದೆ.

ಒಂದು ಖಾಲಿ ಹಾಳೆಯನ್ನಾದರೂ ಕವರಿನಲ್ಲಿ ಹಾಕಿ ಕಳಿಸು.

ಅಮ್ಮ

*

ಡಿಸೆಂಬರ್ 6

ಅಮ್ಮ,

ಎರಡೂ ಕಾಗದ ತಲುಪಿವೆ. ಸೆಪ್ಟೆಂಬರಿನದಕ್ಕೆ ಐದು ಉತ್ತರ ಬರೆದೆ, ಒಂದನ್ನೂ ಹಾಕಲಿಲ್ಲ. ಎಲ್ಲದರಲ್ಲೂ ನಾನು ಕಿರುಚುತ್ತಿದ್ದೆ.

ನನಗೆ ಗೊತ್ತಿತ್ತು.

ಆ ದಿನ ಪರೀಕ್ಷಕರು ಊಟಕ್ಕೆ ಹೋದಾಗ ಸುಟ್ಟ ಹಲಗೆಯನ್ನು ಸ್ಟೋರಿಗೆ ಹೊತ್ತುಕೊಂಡು ಹೋಗು ಎಂದು ನೀನೇ ನನಗೆ ಹೇಳಿದೆ. ಸ್ಟೋರಿನಲ್ಲಿ ಹಿಂದಿನ ಎರಡು ಸ್ಕ್ರೂ ಸಡಿಲಿಸಿ ನೋಡಿದೆ. ವಯರು ಅದಲುಬದಲಾಗಿತ್ತು. ಬೆಸುಗೆ ಯಾರದೆಂದು ಕೇಳಬೇಕಾಗಿರಲಿಲ್ಲ. ವಯರನ್ನು ಒಂದೂವರೆ ಸುತ್ತು ಸುತ್ತಿ, ತುದಿಯನ್ನು ಎಡಕ್ಕೆ ಮಡಿಚಿ, ಆಮೇಲೆ ಬೆಸೆಯುವವರು ಆ ಕಾಲೇಜಿನಲ್ಲಿ ಒಬ್ಬರೇ. ನನಗೂ ಹಾಗೇ ಕಲಿಸಿದ್ದೀಯ. ಇಲ್ಲಿ ಎಲ್ಲರೂ ನನ್ನನ್ನು ಅದಕ್ಕೇ ಗೇಲಿ ಮಾಡುತ್ತಾರೆ, "ಕಡ್ಡಿ ಬೆಸುಗೆ ಹಾಕಲ್ಲ, ಹೆರಳು ಹಾಕ್ತಾಳೆ" ಎಂದು.

ಸ್ಕ್ರೂ ಬಿಗಿದು ಮನೆಗೆ ಬಂದೆ. ಅಮ್ಮ ಬೇಕೆಂದು ಮಾಡಿಲ್ಲ, ಅವಳಿಗೇ ಗೊತ್ತಿಲ್ಲ, ಮೀಟರು ಬದಲಿಸುವಾಗ ನೋಡುತ್ತಾಳೆ, ನೋಡಿದ ಕೂಡಲೇ ಹೇಳುತ್ತಾಳೆ ಎಂದು ಕಾದೆ. ಮೂರು ದಿನ ನನಗೆ ದುಃಖವೇ ಇರಲಿಲ್ಲ, ನಂಬು. ನೀನು ಬಂದು ಹೇಳುವಾಗ ನಾನು ಹೇಗೆ ದೊಡ್ಡ ಮನಸ್ಸು ಮಾಡಿ "ಇರ್ಲಿ ಬಿಡಮ್ಮ" ಎನ್ನಬೇಕೆಂದು ಕನ್ನಡಿಯ ಮುಂದೆ ನಿಂತು ಹೇಳಿ ನೋಡಿಕೊಂಡಿದ್ದೆ. ಶನಿವಾರ ಸಂಜೆ ನೀನು ಬಂದೆ. ನಿನ್ನ ಕೈಯಿಂದ ಬೆಸುಗೆಯ ವಾಸನೆ ಬರುತ್ತಿತ್ತು. "ಏನು ಕೆಲಸ ಇತ್ತಮ್ಮ ಇವತ್ತು?" ಎಂದು ಕೇಳಿದೆ. "ಏನಿಲ್ಲ, ಧೂಳು ಹೊಡೆದೆ" ಎಂದೆ ನೀನು. ಕೈ ತೊಳೆಯಲು ಹೋದೆ. ತುಂಬ ಹೊತ್ತು ತೊಳೆದೆ.

ಇನ್ನೂ ನಾಲ್ಕು ದಿನ ಕೊಟ್ಟೆ. ಆಮೇಲೆ ಹೊರಟೆ. ನಾನು ಮನೆ ಬಿಟ್ಟದ್ದು ಸೊನ್ನೆಗಲ್ಲ ಅಮ್ಮ. ಆ ಧೂಳಿಗೆ.

ನೀನು ನನಗೆ ಹೇಳಿದೆ. ಒಳ್ಳೆಯದು. ಆದರೆ ಗೊತ್ತಿದ್ದವಳಿಗೆ ಹೇಳಿದ್ದೀಯ. ಅಲ್ಲಿ ನಕ್ಕ ಹದಿನೆಂಟು ಜನರಿಗೆ ಗೊತ್ತಿಲ್ಲ. ನಿನ್ನ ಪ್ರಿನ್ಸಿಪಾಲರಿಗೆ ಗೊತ್ತಿಲ್ಲ. ಆ ಪರೀಕ್ಷಕರಿಗೆ ಗೊತ್ತಿಲ್ಲ. ಅಲ್ಲೆಲ್ಲ ನಾನು ಇವತ್ತಿಗೂ ಅಮ್ಮೀಟರನ್ನು ಬ್ಯಾಟರಿಗೆ ಅಡ್ಡ ಹಾಕಿ, ಆಮೇಲೆ ಸುಳ್ಳೂ ಹೇಳಿದವಳು. ನನಗೆ ಬರೆದ ಕಾಗದವನ್ನು ನನ್ನ ಪೆಟ್ಟಿಗೆಯಲ್ಲಿ ಮಡಿಚಿಟ್ಟರೆ ನಿನ್ನ ಮರ್ಯಾದೆ ಅಲ್ಲಿ ಹಾಗೇ ನಡೆಯುತ್ತಿರುತ್ತದೆ, ಒಂದು ಚೂರೂ ಮಂಕಾಗದೆ.

ಗೊತ್ತಿಲ್ಲದವರಿಗೆ ಹೇಳು. ಅಲ್ಲಿಯವರೆಗೆ ನನಗೆ ಬರೆಯಬೇಡ.

ಮಗಳು

*

ಜನವರಿ 17

ಮಗಳೇ,

ಹೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪ್ರಿನ್ಸಿಪಾಲರಿಗೆ. ಬರೆದುಕೊಂಡು ಹೋಗಿದ್ದೆ, ಓದಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಮೂರು ವರ್ಷದ ಮೇಲೆ ಈಗ ಯಾಕ್ರೀ ಕೆದಕ್ತೀರಿ? ಯಾರೂ ಕೇಳ್ತಿಲ್ವಲ್ಲ" ಎಂದರು. ಯಾರೂ ಕೇಳದೇ ಇರುವುದರಿಂದಲೇ ಎಂದೆ. ವಿಭಾಗದ ಮುಖ್ಯಸ್ಥರು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದರು, ಅವರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ನನ್ನನ್ನು ಪರೀಕ್ಷೆಯ ಕೆಲಸದಿಂದ ತೆಗೆದಿದ್ದಾರೆ. ಮುಂದಿನ ವರ್ಷದಿಂದ ಲ್ಯಾಬೂ ಇಲ್ಲ, ಸ್ಟೋರು. ಕಿಟಕಿಯಿಲ್ಲದ ಕೋಣೆ, ನಿನಗೆ ಗೊತ್ತು.

ಆಮೇಲೆ ಹುಡುಗಿಯರಿಗೆ. ಏಳನೇ ನಂಬರಿನ ಹಲಗೆಯನ್ನು ಮೇಜಿನ ಮೇಲೆ ಬೋರಲು ಹಾಕಿ ಬಿಚ್ಚಿ ತೋರಿಸಿದೆ. ಇಲ್ಲಿ ಹೀಗಿರಬೇಕಾದದ್ದನ್ನು ನಾನು ಹೀಗೆ ಬೆಸೆದೆ, ನನ್ನ ಮಗಳಿಗೆ ಸೊನ್ನೆ ಕೊಟ್ಟೆ, ಗೊತ್ತಾದ ಮೇಲೆ ಮುಚ್ಚಿಟ್ಟೆ ಎಂದೆ. ಹಿಂದಿನ ಸಾಲಿನವಳೊಬ್ಬಳು, "ಹಾಗಾದ್ರೆ ಈಗ ಈ ಹಲಗೇನ ನಂಬಬಹುದಾ ಮೇಡಂ?" ಎಂದಳು. ತಿರುಗಿಸಿ ನೋಡಿ ನಂಬಿ ಎಂದೆ. ಅಂದಿನಿಂದ ಎಲ್ಲರೂ ಶುರು ಮಾಡುವ ಮೊದಲು ಹಲಗೆ ತಿರುಗಿಸುತ್ತಾರೆ. ಹತ್ತು ನಿಮಿಷ ಲ್ಯಾಬಿನ ತುಂಬ ಮರ ಮೇಜಿಗೆ ತಾಗುವ ಸದ್ದು. ಅವರು ನನ್ನನ್ನು ನಂಬುವುದಿಲ್ಲ ಎನ್ನುವುದರ ಸದ್ದು ಅದು. ಕೇಳಿಸಿಕೊಂಡು ನಿಂತಿರುತ್ತೇನೆ.

ಹಳೆಯ ರಿಜಿಸ್ಟರಿನಿಂದ ಹದಿನೆಂಟು ವಿಳಾಸ ತೆಗೆದು ಹದಿನೆಂಟು ಕಾಗದ ಬರೆದೆ. ಆರು ವಾಪಸು ಬಂದವು. ಮೂವರು ಉತ್ತರ ಬರೆದಿದ್ದಾರೆ. ಒಬ್ಬಳು, "ನಾನು ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ ಆಂಟಿ, ಅವಳ ವಿಳಾಸ ಕೊಡಿ" ಎಂದಿದ್ದಾಳೆ. ನಿನ್ನನ್ನು ಕೇಳದೆ ಕೊಡುವುದಿಲ್ಲ. ಇನ್ನೊಬ್ಬಳು ಮಗು ಹುಟ್ಟಿದ ಸುದ್ದಿ ಬರೆದು, ಕೊನೆಯಲ್ಲಿ, "ಯಾವ ಪರೀಕ್ಷೆ ಅಂತ ನೆನಪಾಗುತ್ತಿಲ್ಲ, ಆದರೂ ಬೇಜಾರು ಮಾಡಿಕೊಳ್ಳಬೇಡಿ" ಎಂದು ಸಮಾಧಾನ ಹೇಳಿದ್ದಾಳೆ. ಇದನ್ನು ಓದಿ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಪರೀಕ್ಷಕರು ತೀರಿಕೊಂಡು ಒಂದು ವರ್ಷವಾಯಿತಂತೆ. ಅವರ ಮನೆಯವರು ಬರೆದರು. ಅವರ ಮಟ್ಟಿಗೆ ನೀನು ಸುಳ್ಳು ಹೇಳಿದವಳಾಗಿಯೇ ಉಳಿದೆ. ಅದನ್ನು ಇನ್ನು ನಾನು ಸರಿಪಡಿಸಲಾರೆ.

ಇದರ ಜೊತೆ ಕಾಲೇಜಿನ ಪತ್ರವಿದೆ. ಸೊನ್ನೆಯನ್ನು ರದ್ದು ಮಾಡಿದ್ದಾರೆ. ಏಪ್ರಿಲಿನಲ್ಲಿ ನೀನು ಆ ಪ್ರಾಕ್ಟಿಕಲನ್ನು ಮತ್ತೆ ತೆಗೆದುಕೊಳ್ಳಬಹುದು, ನಾನು ಆ ಕೋಣೆಯಲ್ಲಿ ಇರುವುದಿಲ್ಲ. ಬಾ ಎಂದು ನಾನು ಕೇಳುತ್ತಿಲ್ಲ. ಕೇಳುವ ಹಕ್ಕು ನನಗಿಲ್ಲ ಎನ್ನುವುದನ್ನು ಈ ಮೂರು ವಾರದಲ್ಲಿ ಹತ್ತಾರು ಜನರೆದುರು ಗಟ್ಟಿಯಾಗಿ ಓದಿದ್ದೇನೆ.

ಅಮ್ಮ

*

ಫೆಬ್ರವರಿ 8

ಅಮ್ಮ,

ನಿನ್ನ ಕಾಗದವನ್ನು ಮೋಟಾರು ಕೋಣೆಯಲ್ಲಿ ಕೂತು ಓದಿದೆ. ಅಲ್ಲಿ ಸದ್ದು ಜಾಸ್ತಿ, ಅತ್ತರೆ ಯಾರಿಗೂ ಕೇಳಿಸುವುದಿಲ್ಲ.

ಏಪ್ರಿಲಿನ ಪರೀಕ್ಷೆಗೆ ಬರುವುದಿಲ್ಲ. ಸಿಟ್ಟಿನಿಂದಲ್ಲ. ನನಗೆ ಈ ಕೆಲಸ ಇಷ್ಟ. ಜನ ಒಳಗೆ ಬಂದು ಗುಂಡಿ ಒತ್ತಿ ನನ್ನನ್ನು ನೆನೆಯದೆ ಮೇಲೆ ಹೋಗುತ್ತಾರಲ್ಲ, ಅದು ಇಷ್ಟ. ಕಾಲೇಜಿನ ಪತ್ರವನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಜೋರಾಗಿ ನಕ್ಕವಳಿಗೆ ವಿಳಾಸ ಕೊಡು, ಪರವಾಗಿಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯಲು ಹೋದೆ. ಬರೆದು ನೋಡಿದರೆ ಸುಳ್ಳು ಕಂಡಿತು. ಕ್ಷಮಿಸಿಲ್ಲ ಎಂದು ಬರೆದೆ, ಅದೂ ಸುಳ್ಳು ಕಂಡಿತು. ಹಾಗಾಗಿ ಎರಡೂ ಬೇಡ. ನನಗೆ ನಿಜವಾಗಿ ಗೊತ್ತಿರುವುದನ್ನು ಬರೆಯುತ್ತೇನೆ.

ಇದೇ ತಿಂಗಳ ಕಡೆಯ ಭಾನುವಾರ ನನಗೆ ಡ್ಯೂಟಿ ಇಲ್ಲ. ಬೆಳಗಿನ ಬಸ್ಸಿಗೆ ಹೊರಟರೆ ನೀನು ಮಧ್ಯಾಹ್ನಕ್ಕೆ ಇಲ್ಲಿರುತ್ತೀಯ. ವರ್ಕ್‌ಶಾಪಿಗೆ ಬರಬೇಡ, ಈ ಹಾಳೆಯ ಹಿಂದೆ ಮನೆಯ ವಿಳಾಸ ಬರೆದಿದ್ದೇನೆ. ಒಂದೇ ಕೋಣೆ, ಒಂದೇ ಕುರ್ಚಿ. ನೀನು ಕುರ್ಚಿಯಲ್ಲಿ ಕೂರು, ನಾನು ಮಂಚದ ಮೇಲೆ ಕೂರುತ್ತೇನೆ. ಅಡುಗೆ ನಾನೇ ಮಾಡಿರುತ್ತೇನೆ, ಚೆನ್ನಾಗಿದೆ ಎಂದು ಹೇಳಬೇಡ, ಚೆನ್ನಾಗಿರುವುದಿಲ್ಲ. ಈ ಮೊದಲ ಭೇಟಿಯಲ್ಲಿ ಆ ವಿಷಯ ತೆಗೆಯುವುದು ಬೇಡ. ಸಂಜೆಯ ಬಸ್ಸಿಗೆ ವಾಪಸು ಹೋಗಬೇಕಾಗುತ್ತದೆ, ಅದಕ್ಕಿಂತ ಹೆಚ್ಚು ಹೊತ್ತು ನನಗೆ ಇನ್ನೂ ಆಗುವುದಿಲ್ಲ.

ಮನೆ ನಾಲ್ಕನೇ ಮಹಡಿಯಲ್ಲಿದೆ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಗಬೇಡ, ನಕ್ಕರೆ ಏದುಸಿರು ಬರುತ್ತದೆ, ಮೆಟ್ಟಿಲು ಕಡಿದಾಗಿದೆ.

ಬೀದಿಯವರೆಗೆ ಇಳಿದು ಬಂದು ನಿಲ್ಲುತ್ತೇನೆ ಎಂದು ಮಾತು ಕೊಡಲಾರೆ. ಎರಡನೇ ಮಹಡಿಯವರೆಗೆ ಬರುತ್ತೇನೆ.

ಮಗಳು